ಎರವಲು ಎದೆ

ಚನ್ನಗಿರಿಯ ಬೆನಕಪ್ಪನ ಎದೆ ಕೈಕೊಟ್ಟದ್ದು ಜಗಳೂರಿನಲ್ಲಿ. ಅದೂ ಹೆಣ್ಣು ನೋಡುವ ಶಾಸ್ತ್ರದ ನಟ್ಟನಡುವೆ, ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬಾಗಿಲು ದಾಟುವ ಹೊತ್ತಿಗೆ ಸರಿಯಾಗಿ. ಎದೆಗೂಡಿನ ಮೇಲೆ ಯಾರೋ ಒರಳುಕಲ್ಲು ಇಳಿಸಿದಂತಾಯಿತು. ಬೆವರು ಕಿತ್ತುಕೊಂಡು ಬಂತು. ಎರಡೂ ಕಡೆಯವರ ಮಧ್ಯೆ ಕೂತಿದ್ದವನು ಮೊದಲು ಗಂಡಿನ ಕಡೆಗೆ ವಾಲಿ, ಆಮೇಲೆ ಹೆಣ್ಣಿನ ಕಡೆಗೆ ವಾಲಿ, ಕಡೆಗೆ ಯಾರ ಕಡೆಗೂ ಅಲ್ಲದೆ ಜಮಖಾನದ ಮೇಲೆ ಅಂಗಾತ ಬಿದ್ದ. ಬೀಳುವಾಗಲೂ ಕಸುಬಿನ ಧರ್ಮ ಬಿಡಲಿಲ್ಲ ನೋಡು ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡು ನಗುತ್ತಿದ್ದ.

“ಹುಡುಗೀನ ನೋಡಿ ದಲ್ಲಾಳಿನೇ ಬಿದ್ದನಲ್ಲಪ್ಪ, ಇನ್ನು ಕಟ್ಕೊಳ್ಳೋನ ಗತಿ ಏನು?” ಎನ್ನುತ್ತ ಗಂಡಿನ ಸೋದರಮಾವ ಎದ್ದೇಬಿಟ್ಟ. ಸಂಬಂಧ ಅಲ್ಲಿಗೇ ಮುರಿಯಿತು. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮುದುಡಿಕೊಂಡು ದಾವಣಗೆರೆಯ ಆಸ್ಪತ್ರೆಗೆ ಹೊರಟ ಬೆನಕಪ್ಪನಿಗೆ, ಕೊನೆಗಾಲಕ್ಕೆ ಶಿವನ ನೆನಪು ತಾನಾಗಿ ಬರುತ್ತದೆಂದು ನಂಬಿಕೊಂಡಿದ್ದವನಿಗೆ, ಬಂದದ್ದು ಉಪ್ಪಿಟ್ಟಿನ ಘಮ. ಬೀಳುವುದೇ ಆಗಿದ್ದರೆ ತಿಂದಾದರೂ ಬೀಳಬಾರದಿತ್ತೇ ಎಂದು ದಾರಿಯುದ್ದಕ್ಕೂ ಹಳಹಳಿಸಿದ.

ಇದು ಎಂಬತ್ತೆಂಟನೇ ಇಸವಿಯ ಮಾತು.

ಬೆನಕಪ್ಪ ಮದುವೆ ದಲ್ಲಾಳಿ. ಕಂಕುಳಲ್ಲಿ ಕೊಡೆ, ಕೈಯಲ್ಲಿ ಫೋಟೋ ತುಂಬಿದ ರೆಕ್ಸಿನ್ ಚೀಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅವನ ರಾಜ್ಯ. ಸರ್ಕಾರಿ ಬಸ್ಸು ಅವನ ಅಂಬಾರಿ. “ಹೆಸರಲ್ಲೇ ಜಗಳ ಇಟ್ಕೊಂಡಿರೋ ಊರಾಗೆ ಸಂಬಂಧ ಕೂಡಿಸ್ತೀನಿ, ಹೆಸರಲ್ಲೇ ಹೊನ್ನು ಇಟ್ಕೊಂಡಿರೋ ಊರಾಗೆ ವರದಕ್ಷಿಣೆ ಇಳಿಸ್ತೀನಿ. ನನ್ನಂಥೋನು ಇನ್ನೊಬ್ಬ ಅದಾನೇನು?” ಎಂದು ಚಾದಂಗಡಿಗಳಲ್ಲಿ ಕೇಳುತ್ತಿದ್ದ. ಇದ್ದಾನೆ ಎಂದು ಯಾರೂ ಹೇಳುತ್ತಿರಲಿಲ್ಲ, ಏಕೆಂದರೆ ಚಾ ಅವನ ಕಡೆಯಿಂದ.

ಅವನ ಕಸುಬು ನಿಂತದ್ದು ಎರವಲಿನ ಮೇಲೆ. ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತಾರೆಂದರೆ ಬೆನಕಪ್ಪ ಹಿಂದಿನ ದಿನವೇ ಹೋಗಿ ಏನೇನು ಕಮ್ಮಿ ಎಂದು ಕಣ್ಣಾಡಿಸುವನು. ಸಂತೇಬೆನ್ನೂರಿನ ಗಂಡಿನ ಕೈಗೆ ನಲ್ಲೂರಿನ ಗಡಿಯಾರ. ಸಾಸ್ವೆಹಳ್ಳಿಯ ಪಡಸಾಲೆಗೆ ಪಕ್ಕದ ಬೀದಿಯ ರೇಡಿಯೋ. ಖಾಲಿ ಕೊಟ್ಟಿಗೆಗೆ ಯಾರದೋ ಎಮ್ಮೆ. ಹೊನ್ನಾಳಿ ಸೀಮೆಯಲ್ಲಿ ಒಂದು ಎಮ್ಮೆಯಂತೂ ಎಷ್ಟು ಕೊಟ್ಟಿಗೆಗಳಲ್ಲಿ ನಿಂತು ಎಷ್ಟು ಮದುವೆ ಮಾಡಿಸಿತ್ತೆಂದರೆ, ದಲ್ಲಾಳಿಯ ಪಾಲು ನ್ಯಾಯವಾಗಿ ಅದಕ್ಕೇ ಸೇರಬೇಕಿತ್ತು. ಇದನ್ನು ಮೋಸವೆಂದು ಆ ಸೀಮೆಯಲ್ಲಿ ಯಾರೂ ಅನ್ನುತ್ತಿರಲಿಲ್ಲ. ನೋಡಲು ಬಂದವರ ಮೈಮೇಲಿನ ಕೋಟೂ ಎರವಲಿನದೇ. ತೋರಿಸುವ ದಿನ ಇದ್ದದ್ದನ್ನು ಇದ್ದಂತೆ ತೋರಿಸುವುದು ಬಂದವರಿಗೆ ಮರ್ಯಾದೆ ಕೊಡದ ಹಾಗೆ ಎಂಬುದು ಬೆನಕಪ್ಪನ ಸಿದ್ಧಾಂತ.

ದಾವಣಗೆರೆಯ ಡಾಕ್ಟರು ಜೀವ ಉಳಿಸಿ ಮನೆಗೆ ಕಳಿಸಿದರು. ಆದರೆ ಮನೆಗೆ ಬಂದವನು ಹೋದವನಲ್ಲ. ಬಸ್‌ಸ್ಟ್ಯಾಂಡಿನಿಂದ ಮನೆ ತಲುಪುವಷ್ಟರಲ್ಲಿ ಸಿಕ್ಕ ಸಿಕ್ಕ ಕಟ್ಟೆಯ ಮೇಲೆಲ್ಲ ಕೂರಬೇಕು. ಮಾತು ಶುರು ಮಾಡಿದರೆ ಉಸಿರು ನಡುವೆಯೇ ಮುಗಿಯುತ್ತಿತ್ತು. ಮಾತೇ ಬಂಡವಾಳವಾಗಿದ್ದವನಿಗೆ ಅದು ದಿವಾಳಿ. ಮತ್ತೆ ತೋರಿಸಿದಾಗ ಡಾಕ್ಟರು ಬಿಡಿಸಿ ಹೇಳಿದರು. ಹೃದಯಕ್ಕೆ ರಕ್ತ ಒಯ್ಯುವ ನಾಳಗಳು ಕಟ್ಟಿಕೊಂಡಿವೆ. ಹೃದಯದ ಒಂದು ಗೋಡೆ ಅಲುಗುತ್ತಿಲ್ಲ. ಆ ಗೋಡೆಯ ಮಾಂಸ ಸತ್ತಿರಬಹುದು, ಇಲ್ಲವೇ ರಕ್ತ ಸಾಲದೆ ಮಲಗಿರಬಹುದು. ಮಲಗಿದ್ದರೆ ಆಪರೇಷನ್ ಮಾಡಿ ಬೇರೆ ದಾರಿಯಲ್ಲಿ ರಕ್ತ ಹರಿಸಿದರೆ ಏಳುತ್ತದೆ. ಸತ್ತಿದ್ದರೆ ಎದೆ ಕೊಯ್ದು ಪ್ರಯೋಜನವಿಲ್ಲ.

ಸತ್ತದ್ದೋ ಮಲಗಿದ್ದೋ! ಮದುವೆಯಾದಾಗಿನಿಂದ ದಿನಾ ಬೆಳಿಗ್ಗೆ ಹಾಸಿಗೆಯ ಪಕ್ಕ ನಿಂತು ಪ್ರೇಮಮ್ಮ ಕೇಳುತ್ತಿದ್ದದ್ದೂ ಇದನ್ನೇ. ಅವಳಿಗೆ ಒಂದು ತಂಬಿಗೆ ನೀರಿನಿಂದ ಉತ್ತರ ಸಿಗುತ್ತಿತ್ತು. ಡಾಕ್ಟರಿಗೆ ಬೆಂಗಳೂರು ಬೇಕಾಯಿತು.

“ಬೆಂಗಳೂರಿನ ಆಸ್ಪತ್ರೆಯಲ್ಲಿ ಒಂದು ಕ್ಯಾಮೆರಾ ಇದೆ. ಎದೆಯೊಳಗಿನ ಫೋಟೋ ತೆಗೆದು ಹೇಳ್ತಾರೆ. ಫೋಟೋ ನೋಡಿ ಅವರು ಒಪ್ಪಿದರೆ ಆಪರೇಷನ್,” ಎಂದರು ಡಾಕ್ಟರು.

ಫೋಟೋ, ನೋಡುವುದು, ಒಪ್ಪುವುದು. ಬೆನಕಪ್ಪನ ಬೆನ್ನು ತಾನಾಗಿ ನೆಟ್ಟಗಾಯಿತು. ಈ ಭಾಷೆ ಅವನಿಗೆ ಬರುತ್ತಿತ್ತು.

*

ಬೆಂಗಳೂರಿಗೆ ಹೊರಟವರು ಮೂವರು: ಬೆನಕಪ್ಪ, ಹೆಂಡತಿ ಪ್ರೇಮಮ್ಮ, ಅವಳ ತಮ್ಮ ಷಣ್ಮುಖಪ್ಪ. ಷಣ್ಮುಖಪ್ಪ ನ್ಯಾಮತಿಯಲ್ಲಿ ಅಕ್ಕಿ ಗಿರಣಿ ಇಟ್ಟವನು. ಗಿರಣಿ ಕೆಟ್ಟು ನಿಂತರೆ ಅಕ್ಕಿ ಮೂಟೆಯನ್ನು ತಾನೇ ಹೊತ್ತು ಗಿರಾಕಿಯ ಮನೆ ಮುಟ್ಟಿಸುವ ಜಟ್ಟಿ. ವಯಸ್ಸು ಭಾವನದೇ, ಮೀಸೆ ಭಾವನ ಮಾದರಿಯದೇ, ಬೋಳುತಲೆಯಂತೂ ಇಬ್ಬರಿಗೂ ಒಂದೇ ಅಂಗಡಿಯಲ್ಲಿ ಕೊಂಡಂತಿತ್ತು. ಎದ್ದು ನಿಂತರೆ ಮಾತ್ರ ಅವನು ಮೂಟೆ, ಇವನು ಚೀಲ.

ಆಸ್ಪತ್ರೆಯಲ್ಲಿ ಬೆನಕಪ್ಪನನ್ನು ಮೊದಲು ಓಡುವ ಪಟ್ಟಿಯೊಂದರ ಮೇಲೆ ನಡೆಸಿದರು. ಎಷ್ಟು ನಡೆದರೂ ಅಲ್ಲೇ. ಜೀವಮಾನವೆಲ್ಲ ಊರೂರು ತಿರುಗಿಯೂ ತಾನು ಮುಟ್ಟಿದ್ದು ಇಷ್ಟೇ ಅಲ್ಲವೇ ಎಂದು ಅವನಿಗೆ ಏದುಸಿರಿನ ನಡುವೆಯೂ ಅನ್ನಿಸಿತು. ಇನ್ನು ಆಗುವುದಿಲ್ಲ ಎನ್ನುವ ಹೊತ್ತಿಗೆ ತೋಳಿಗೆ ಸೂಜಿ ಚುಚ್ಚಿದರು. ಥ್ಯಾಲಿಯಂ ಎಂಬ ಔಷಧಿಯಂತೆ. ಎಷ್ಟೋ ಜನಕ್ಕೆ ತಾಳಿ ಕಟ್ಟಿಸಿದವನಿಗೆ ಕಡೆಗೆ ಥ್ಯಾಲಿಯಂ ಕಟ್ಟಿದರು ಎಂದು ಅವನು ಪಕ್ಕದ ನರ್ಸಿಗೆ ಹೇಳಿದ. ಆಕೆ ಕೇರಳದವಳು, ನಗಲಿಲ್ಲ.

ಆಮೇಲೆ ಒಂದು ಕಿರಿದಾದ ಮಂಚ. ತಲೆಯ ಮೇಲೆ ಬಾಣಲೆಯಷ್ಟು ದೊಡ್ಡ ಕ್ಯಾಮೆರಾ. ಅದನ್ನು ನಡೆಸುವ ಟೆಕ್ನಿಷಿಯನ್ ಹುಡುಗಿ, “ಎದೆ ಮೇಲೆ ಲೋಹ ಇರಬಾರದು,” ಎಂದು ಕೊರಳಿನ ಬೆಳ್ಳಿ ಕರಡಿಗೆ ತೋರಿಸಿದಳು. ಮೈಯಿಂದ ಲಿಂಗ ಇಳಿಸುವುದುಂಟೇ? ಬೆನಕಪ್ಪ ಒಪ್ಪಲಿಲ್ಲ. ಕೊನೆಗೆ ಕರಡಿಗೆಯನ್ನು ಮಣಿಕಟ್ಟಿಗೆ ಸುತ್ತಿ, ಆ ಕೈಯನ್ನು ತಲೆಯ ಮೇಲಕ್ಕೆ ಎತ್ತಿಸಿ ಮಲಗಿಸಿದರು. ಕೈಯೆತ್ತಿ ಶರಣಾದ ಕಳ್ಳನ ಭಂಗಿ. ತನ್ನ ಚೀಲಕ್ಕೆ ಇಂಥ ಫೋಟೋ ಯಾರಾದರೂ ಕೊಟ್ಟಿದ್ದರೆ ಅವನು ಹಿಂದಕ್ಕೆ ಕೊಡುತ್ತಿದ್ದ.

ಫೋಟೋ ಮುಗಿದ ಮೇಲೆ ಡಾಕ್ಟರಮ್ಮ ಬಂದರು. ನಡುವಯಸ್ಸು, ಕನ್ನಡಕ, ಸುಸ್ತಾದ ಮುಖ. ಪರದೆ ತೋರಿಸಿದರು. ಅಲ್ಲಿ ಮಿಣಮಿಣ ಚುಕ್ಕಿಗಳು ಗುಂಪುಗೂಡಿ ಒಂದು ಬಳೆಯ ಆಕಾರ ಮಾಡಿದ್ದವು. ಆದರೆ ಬಳೆಯ ಒಂದು ಪಕ್ಕದ ತುಂಡೇ ಇರಲಿಲ್ಲ. ಅಲ್ಲಿ ಕತ್ತಲು.

“ಇದೇ ನಿಮ್ಮ ಹೃದಯ. ಔಷಧಿ ರಕ್ತದ ಜೊತೆ ಹೋಗುತ್ತೆ. ಜೀವ ಇರೋ ಮಾಂಸ ಅದನ್ನ ಹೀರಿಕೊಂಡು ಹೀಗೆ ಹೊಳೆಯುತ್ತೆ.”

“ಈ ಕತ್ಲು?”

“ಅಲ್ಲಿಗೆ ಔಷಧಿ ಮುಟ್ಟಿಲ್ಲ. ಅದಕ್ಕೇ ನಾಲ್ಕು ಗಂಟೆ ಬಿಟ್ಟು ಇನ್ನೊಂದು ಫೋಟೋ. ಮಾಂಸ ಬದುಕಿದ್ದರೆ ಅಷ್ಟರಲ್ಲಿ ನಿಧಾನವಾಗಿ ಹೀರಿಕೊಂಡಿರುತ್ತೆ, ಖಾಲಿ ಜಾಗ ತುಂಬಿಕೊಳ್ಳುತ್ತೆ.”

“ತುಂಬಲಿಲ್ಲ ಅಂದ್ರೆ?”

“ಆಪರೇಷನ್ ಮಾಡಲ್ಲ. ಮಾತ್ರೆ ಕೊಡ್ತೀವಿ, ಊರಲ್ಲಿ ವಿಶ್ರಾಂತಿ ತಗೊಳ್ಳಿ.”

“ಎಷ್ಟು ಕಾಲ ತಗಳ್ಳಾದು?”

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿದರು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಹೇಳಲಾರದ್ದನ್ನು ಹೇಳಬೇಕಾದಾಗ ತಾನು ಕೊಡೆ ಬಿಚ್ಚಿ ಮಡಚುತ್ತಿದ್ದದ್ದು ಬೆನಕಪ್ಪನಿಗೆ ನೆನಪಾಗಿ, ಉತ್ತರ ತಿಳಿದುಹೋಯಿತು.

*

ಹೊರಗಿನ ಬೆಂಚಿನ ಮೇಲೆ ಕೂತು ಬೆನಕಪ್ಪ ಲೆಕ್ಕ ಹಾಕಿದ. ಮೊದಲ ನೋಟ ಕೆಟ್ಟಿದೆ. ಎರಡನೇ ನೋಟಕ್ಕೆ ಹೊತ್ತಿದೆ. ಜಾಗವೊಂದು ಖಾಲಿ ಕಂಡಿದೆ. ಖಾಲಿ ಜಾಗ ಕಂಡಾಗ ಏನು ಮಾಡಬೇಕೆಂಬುದು ಅವನಿಗೆ ಬೆರಳ ತುದಿಯಲ್ಲಿತ್ತು. ನಾಲ್ಕು ಗಂಟೆ ತುಂಬುತ್ತ ಬಂದಾಗ, ಪ್ರೇಮಮ್ಮ ಬಿಸಿನೀರು ತರಲು ಫ್ಲಾಸ್ಕ್ ಹಿಡಿದು ರಸ್ತೆಯಾಚೆಯ ಹೋಟೆಲಿಗೆ ಹೋದದ್ದನ್ನು ನೋಡಿಕೊಂಡು, ಮೈದುನನ ಕಡೆಗೆ ತಿರುಗಿದ.

“ಷಣ್ಮುಖ, ನಿನ್ನ ಎದೆ ಹೆಂಗೈತೆ?”

“ಎದೆಗೇನಾಗೈತೆ ಭಾವ, ಕಲ್ಲು ಇದ್ದಂಗೈತೆ.”

“ಒಂದರ್ಧ ಗಂಟೆ ಕೊಡ್ತೀಯೇನು?”

ಷಣ್ಮುಖಪ್ಪ ಬಾಯಲ್ಲಿದ್ದ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದ. ಬೆನಕಪ್ಪ ವಿವರಿಸಿದ. ಮುಂಜಾನೆಯ ಹುಡುಗಿ ಊಟಕ್ಕೆ ಹೋದಳು, ಈಗ ಬಂದವನು ಹೊಸಬ. ಹೆಸರು ಕೂಗ್ತಾರೆ, ಹೋಗಿ ಮಲಗೋದು, ಕೈ ಎತ್ತೋದು, ಬಾಯಿ ಬಿಡದೇ ಇರೋದು.

“ನಂಗ್ಯಾಕೋ ಹೆದ್ರಿಕಿ ಆಕ್ಕತಿ ಭಾವ. ಪೊಲೀಸ್ರಿಗೆ ಹಿಡ್ಕೊಟ್ರೆ?”

“ಏನಂತ ಹಿಡ್ಕೊಡ್ತಾರೆ? ಎದೆ ಚೆನ್ನಾಗೈತೆ ಅಂತಲಾ? ನಿನ್ನ ಕೊಟ್ಟಿಗಿ ಎಮ್ಮೆನ ಸಾಸ್ವೆಹಳ್ಳಿಗೆ ಕಳಿಸ್ದಾಗ ಇಷ್ಟು ಹಿಂದೆಮುಂದೆ ನೋಡ್ಲಿಲ್ಲಲ್ಲೋ!”

“ಎಮ್ಮೆ ಬ್ಯಾರೆ, ಎದೆ ಬ್ಯಾರೆ...”

“ನಿಮ್ಮಕ್ಕನ ಕುಂಕುಮದ ವಿಷ್ಯ ಐತೋ,” ಎಂದ ಬೆನಕಪ್ಪ. ಎರಡೂ ಕಡೆಯವರು ಹಟ ಹಿಡಿದಾಗ ಮಾತ್ರ ಹೊರಗೆ ತೆಗೆಯುವ ಮಾತು ಅದು. ಸ್ವಂತಕ್ಕೆ ಬಳಸಿದ್ದು ಇದೇ ಮೊದಲು. ಷಣ್ಮುಖಪ್ಪ ಎದ್ದು ಹೋಗಿ ಎಲೆಯಡಿಕೆ ಉಗಿದು ಬಂದ.

“ಬೆನಕಪ್ಪ! ಚನ್ನಗಿರಿ ಬೆನಕಪ್ಪ!” ಎಂದು ಹೊಸ ಟೆಕ್ನಿಷಿಯನ್ ಬಾಗಿಲಿಗೆ ಬಂದು ಕೂಗಿದಾಗ ನಿಜವಾದ ಬೆನಕಪ್ಪ ಕಂಬದ ಹಿಂದೆ ಸರಿದ, ಎರವಲು ಬೆನಕಪ್ಪ, ಗಲ್ಲಿಗೆ ಹೋಗುವವನ ಹಾಗೆ ಒಮ್ಮೆ ಹಿಂದಿರುಗಿ ನೋಡಿ, ಒಳಗೆ ಹೋದ.

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಬೆನಕಪ್ಪ ಸಂದಿಗೆ ಕಿವಿ ಕೊಟ್ಟ. ಮಂಚ ಕಿರುಗುಟ್ಟಿತು. ಯಂತ್ರ ಗುಂಯ್ ಎಂದಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಟೆಕ್ನಿಷಿಯನ್ ಏನೇನೋ ಗುಂಡಿ ಒತ್ತುವ ಸದ್ದು. ಮತ್ತೆ ಒತ್ತಿದ. ಯಂತ್ರದ ಮಗ್ಗುಲಿಗೆ ಒಂದು ಏಟೂ ಕೊಟ್ಟ. ಆಮೇಲೆ ಒಳಬಾಗಿಲಿನಿಂದ ಓಡಿದ. ಡಾಕ್ಟರಮ್ಮನ ಚಪ್ಪಲಿ ಸದ್ದು ಬಂತು.

“ಬೆಳಿಗ್ಗೆ ಮುಕ್ಕಾಲು ಭಾಗ ಚೆನ್ನಾಗಿತ್ತಲ್ಲ!” ಡಾಕ್ಟರಮ್ಮನ ದನಿ. “ಈಗ ಒಂದು ಚೂರೂ ಇಲ್ಲವೇ? ಮಷೀನ್ ನೋಡಿದ್ಯಾ?”

“ಮಷೀನ್ ಸರಿಯಾಗಿದೆ ಮೇಡಂ. ಇವರಿಗೆ ಹೃದಯನೇ ಇಲ್ಲ.”

ಮಂಚ ಮತ್ತೆ ಕಿರುಗುಟ್ಟಿತು. ಆಮೇಲೆ, ಬಾಯಿ ಬಿಡಬೇಡ ಎಂದು ಹೇಳಿ ಕಳಿಸಿದ್ದ ಬಾಯಿ ಆಸ್ಪತ್ರೆಯ ಆ ಮಹಡಿಗೆಲ್ಲ ಕೇಳುವಂತೆ ಬಿಟ್ಟುಕೊಂಡಿತು.

“ಅಯ್ಯಯ್ಯಪ್ಪೋ! ಎಲ್ಲಿಗೆ ಹೋತ್ರೀ ನನ್ನ ಎದೆ? ಮುಂಜಾನೆ ಇತ್ತಲ್ರೀ! ಭಾವಾ! ನನ್ನ ಎದೆ ಇಲ್ಲಂತೆ ಭಾವಾ! ನಿಂದೂ ಹೋತು, ನಂದೂ ಹೋತು!”

ಬಾಗಿಲು ಬಡಿದು ತೆರೆಯಿತು. ಹಿಂದೆ ದಾರ ಕಟ್ಟುವ ಆಸ್ಪತ್ರೆಯ ನಿಲುವಂಗಿ ಹಾರಾಡಿಸಿಕೊಂಡು, ಎರಡೂ ಕೈಯಿಂದ ಎದೆ ಹುಡುಕಿಕೊಳ್ಳುತ್ತ ಷಣ್ಮುಖಪ್ಪ ಹೊರಗೆ ಬಂದ. ಕಂಬದ ಹಿಂದಿದ್ದ ಬೆನಕಪ್ಪನನ್ನೇ ಬಂದು ತಬ್ಬಿಕೊಂಡ. ಹಿಂದೆಯೇ ಡಾಕ್ಟರಮ್ಮ. ಅವರ ಹಿಂದೆ ಟೆಕ್ನಿಷಿಯನ್. ಎದುರಿನಿಂದ, ಫ್ಲಾಸ್ಕ್ ಹಿಡಿದ ಪ್ರೇಮಮ್ಮ.

ನಾಲ್ಕೂ ದಿಕ್ಕಿನಿಂದ ಬೀಗರು ಒಟ್ಟಿಗೆ ಬಂದಾಗ ಹೇಳುವ ಮಾತು ಬೆನಕಪ್ಪನ ಬಳಿ ಇರಲಿಲ್ಲ.

ಡಾಕ್ಟರಮ್ಮ ಒಂದು ಬೋಳುತಲೆ ನೋಡಿದರು, ಇನ್ನೊಂದು ಬೋಳುತಲೆ ನೋಡಿದರು.

“ನಿಮ್ಮಲ್ಲಿ ಬೆನಕಪ್ಪ ಯಾರು?”

“ನಾನೇರೀ,” ಎಂದ ಬೆನಕಪ್ಪ, ಸತ್ತ ದನಿಯಲ್ಲಿ.

“ಮತ್ತೆ ಇವರು?”

“ನಮ್ಮ ಮನೆಯವಳ ತಮ್ಮ. ಎದೆ ಒಳ್ಳೇದೈತೆ. ಅದಕ್ಕೆ...”

“ಅದಕ್ಕೆ?”

“ತೋರ್ಸಾಕೆ ಅಂತ.”

ಡಾಕ್ಟರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಪ್ರೇಮಮ್ಮನಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಆಕೆ ಫ್ಲಾಸ್ಕನ್ನು ನೆಲಕ್ಕಿಟ್ಟು ಸೆರಗು ಸಿಕ್ಕಿಸಿದಳು.

“ಅಲ್ರೀ, ಅವ್ರೇನು ನಿಮ್ಮನ್ನ ಹೆಣ್ಣು ನೋಡಾಕೆ ಬಂದಾರೇನ್ರೀ? ಗಡಿಯಾರ ಎರವಲು ತಂದ್ರಿ, ಎಮ್ಮೆ ಎರವಲು ತಂದ್ರಿ, ಸುಮ್ನಿದ್ದೆ. ಈಗ ನನ್ನ ತಮ್ಮನ ಎದೆಗೇ ಕೈ ಹಾಕಿದ್ರಾ? ಲೋ ಷಣ್ಮುಖ, ಇವ್ರಿಗೆ ಬುದ್ಧಿ ಇಲ್ಲ, ನಿಂಗೇನಾಗಿತ್ತೋ?”

“ನಂಗೆ ಎದೆನೇ ಇಲ್ವಂತಕ್ಕಾ,” ಎಂದ ಷಣ್ಮುಖಪ್ಪ, ಕಣ್ಣೀರು ಒರೆಸಿಕೊಳ್ಳುತ್ತ.

“ನಿಮಗೆ ಔಷಧಿ ಕೊಟ್ಟಿಲ್ಲ, ಅದಕ್ಕೆ ಕಾಣಲಿಲ್ಲ. ನಿಮ್ಮ ಹೃದಯಕ್ಕೆ ಏನೂ ಆಗಿಲ್ಲ, ಕೂತ್ಕೊಳ್ಳಿ,” ಎಂದು ಡಾಕ್ಟರಮ್ಮ ಅವನನ್ನು ಬೆಂಚಿನ ಮೇಲೆ ಕೂರಿಸಿದರು. ಆಮೇಲೆ ಬೆನಕಪ್ಪನ ಕಡೆಗೆ ತಿರುಗಿದರು. ಬೈಯುತ್ತಾರೆಂದು ಅವನು ತಲೆ ತಗ್ಗಿಸಿ ನಿಂತ. ಬೈಗುಳ ಅವನಿಗೆ ಹೊಸದಲ್ಲ. ಮದುವೆ ಮುಗಿದ ಮೇಲೆ ಗಡಿಯಾರ ಕೇಳಲು ಹೋದಾಗಲೆಲ್ಲ ತಿಂದಿದ್ದ. ಆದರೆ ಡಾಕ್ಟರಮ್ಮ ಬೈಯಲಿಲ್ಲ.

“ಒಂದು ಹೇಳಿ. ಇವರ ಹೃದಯ ನೋಡಿ, ಎಲ್ಲಾ ಚೆನ್ನಾಗಿ ತುಂಬಿದೆ, ಆಪರೇಷನ್ ಮಾಡಬಹುದು ಅಂತ ನಾನು ಬರೆದಿದ್ರೆ, ಮೇಜಿನ ಮೇಲೆ ಎದೆ ಕೊಯ್ಯಿಸಿಕೊಳ್ಳೋಕೆ ಯಾರು ಮಲಗ್ತಿದ್ರು?”

ಅಷ್ಟು ದೂರ ಬೆನಕಪ್ಪ ಯೋಚಿಸಿಯೇ ಇರಲಿಲ್ಲ. ಯಾವಾಗ ತಾನೇ ಯೋಚಿಸಿದ್ದ? ಅವನ ಕಣ್ಣು ಹರಿಯುತ್ತಿದ್ದದ್ದು ಮುಹೂರ್ತದವರೆಗೆ. ಅಕ್ಷತೆ ಬಿದ್ದ ಮೇಲೆ, ಖಾಲಿ ಕೊಟ್ಟಿಗೆಯ ಮುಂದೆ ಹುಡುಗಿ ನಿಂತು ಏನು ಮಾಡಿದಳೆಂದು ನೋಡಲು ಅವನು ಅಲ್ಲಿರುತ್ತಿರಲಿಲ್ಲ. ಆ ಹೊತ್ತಿಗೆ ಅವನು ಮುಂದಿನ ಊರಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಟವೆಲು ಹಾಕಿರುತ್ತಿದ್ದ.

“ನಾನೇ ಮಲಗ್ತಿದ್ದೆ,” ಎಂದ ಕಡೆಗೆ. “ಇಂಥಾ ದಡ್ಡನ್ನ ನೀವು ನೋಡಿರಲಿಕ್ಕಿಲ್ಲ ಡಾಕ್ಟ್ರಮ್ಮ.”

“ನೋಡಿದ್ದೀನಿ. ಇಷ್ಟು ಶ್ರಮ ಪಡೋರನ್ನ ನೋಡಿಲ್ಲ. ನಡೀರಿ ಒಳಗೆ.”

ಈ ಸಲ ಅವನೇ ಮಲಗಿದ. ಕೈ ಎತ್ತಿದ. ಯಂತ್ರ ಗುಂಯ್ ಎಂದಿತು. ಮುಗಿದ ಮೇಲೆ ಡಾಕ್ಟರಮ್ಮ ಪರದೆಯ ಮುಂದೆ ಬಹಳ ಹೊತ್ತು ನಿಂತರು. ಬೆನಕಪ್ಪ ಕೇಳದೆಯೇ ನೋಡಿದ. ಅದೇ ಬಳೆ. ಅದೇ ಕಡೆ ತುಂಡು ಇಲ್ಲ. ಅದೇ ಕತ್ತಲು.

“ತುಂಬಿಲ್ಲ,” ಎಂದ.

“ತುಂಬಿಲ್ಲ,” ಎಂದರು ಅವರೂ. ಆಮೇಲೆ ಕನ್ನಡಕದ ಕಡೆಗೆ ಕೈ ಹೋಯಿತು, ಆದರೆ ತೆಗೆಯಲಿಲ್ಲ. “ಕೆಲವರಿಗೆ ರಕ್ತ ತುಂಬಾ ಕಮ್ಮಿ ಇರೋ ಕಡೆ ನಾಲ್ಕು ಗಂಟೆ ಸಾಲಲ್ಲ ಅಂತ ಈಚೆಗೆ ಬರೀತಿದ್ದಾರೆ. ಔಷಧಿ ಇನ್ನೂ ನಿಮ್ಮ ಮೈಯಲ್ಲೇ ಇದೆ. ನಾಳೆ ಬೆಳಿಗ್ಗೆ ಇನ್ನೊಂದು ಸಲ ನೋಡೋಣ. ಆಸೆ ಇಟ್ಕೊಳ್ಳಿ ಅಂತ ನಾನು ಹೇಳ್ತಿಲ್ಲ. ನೋಡೋಣ ಅಂತ ಮಾತ್ರ ಹೇಳ್ತಿದ್ದೀನಿ.”

*

ಸಂಜೆ ಮೂವರೂ ತಾವು ಇಳಿದುಕೊಂಡಿದ್ದ ಛತ್ರದ ಮೆಟ್ಟಿಲ ಮೇಲೆ ಕೂತರು. ಷಣ್ಮುಖಪ್ಪ ಆಗಾಗ ಅಂಗಿಯೊಳಗೆ ಕೈ ತೂರಿಸಿ ಬಡಿತ ನೋಡಿಕೊಳ್ಳುತ್ತಿದ್ದ. ಅವನನ್ನು ಬಾಳೆಹಣ್ಣು ತರಲು ಕಳಿಸಿ ಪ್ರೇಮಮ್ಮ ಕೇಳಿದಳು:

“ನಾಳೆ ಯಾರ ಎದೆ ಕಳಿಸ್ತೀರಿ? ನನ್ನದೊಂದು ಬಾಕಿ ಐತೆ ನೋಡ್ರಿ.”

“ನಿಂದು ಬ್ಯಾಡ. ಅದ್ರಾಗೆ ಜಾಗನೇ ಇಲ್ಲ, ಬರೀ ನನ್ನ ಬೈಗಳ ತುಂಬೈತೆ. ಪರದೆ ಒಡೆದು ಹೋದೀತು.”

ಪ್ರೇಮಮ್ಮ ನಗಲಿಲ್ಲ. ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಕೂತಳು. ಅದು ಆಗಲೇ ಬಿಗಿಯಾಗಿತ್ತು.

“ಒಂದು ಕೇಳ್ಲೇನ್ರೀ? ಅದು ಸತ್ತೈತೆ ಅಂತಾದ್ರೆ ನಂಗೆ ಹೇಳಾಕೆ ನೀವು ಏನು ಮಾಡಬೇಕು ಅಂತಿದ್ರಿ? ನನಗೂ ಏನಾರ ಎರವಲು ತಂದು ತೋರಿಸ್ತಿದ್ರಾ? ನಗ್ತಾ ಓಡಾಡ್ತಿದ್ರಾ?”

ಹೌದು, ಅದನ್ನೇ ಮಾಡುತ್ತಿದ್ದ. ಯಾವ ನಗು ಹಾಕಿಕೊಳ್ಳಬೇಕೆಂದು ಮಧ್ಯಾಹ್ನವೇ ಆರಿಸಿಟ್ಟಿದ್ದ. ಬೆನಕಪ್ಪ ಉತ್ತರಕ್ಕೆ ಬದಲು ಕೊಡೆಗಾಗಿ ಕೈ ಚಾಚಿದ. ಕೊಡೆ ಚನ್ನಗಿರಿಯಲ್ಲೇ ಉಳಿದಿತ್ತು.

“ನಂಗೆ ಹೆದ್ರಿಕೆ ಐತೆ ಕಣೇ,” ಎಂದ. ಅಷ್ಟು ಹೇಳಿ, ಅದು ತನ್ನದೇ ದನಿಯೇ ಎಂದು ತಾನೇ ಅತ್ತಿತ್ತ ನೋಡಿದ.

“ನಂಗೂ ಐತೆ,” ಎಂದಳು ಪ್ರೇಮಮ್ಮ. “ಬಿಸಿನೀರು ಕುಡೀರಿ.”

*

ಬೆಳಿಗ್ಗೆ ಮಂಚದ ಮೇಲೆ ಮಲಗಿದಾಗ ಬೆನಕಪ್ಪನಿಗೆ ತೋರಿಸಲು ಏನೂ ಉಳಿದಿರಲಿಲ್ಲ. ಕೂದಲಿಲ್ಲದ ತಲೆ, ಕ್ಷೌರ ಕಾಣದ ಗಡ್ಡ, ಮಣಿಕಟ್ಟಿಗೆ ಸುತ್ತಿದ ಕರಡಿಗೆ. ಒಳಗೆ ಇದ್ದದ್ದು ಇದ್ದಂತೆ. ಔಷಧಿಯ ಬಲ ಇಳಿದಿದ್ದರಿಂದ ಈ ಸಲ ಬಹಳ ಹೊತ್ತು ಅಲುಗಾಡದೆ ಇರಬೇಕು ಎಂದರು. ಮೂಗಿನ ತುದಿ ತುರಿಸಿತು. ಹಾಗೇ ಬಿಟ್ಟ. ಎದೆಯೊಳಗಿನ ಆ ಸೋಮಾರಿ ತುಂಡಿಗೆ ಮನಸ್ಸಿನಲ್ಲೇ ಪ್ರೇಮಮ್ಮನ ದನಿ ತೆಗೆದು, “ಸತ್ತೀಯೋ, ಮಲಗೀಯೋ?” ಎಂದು ಕೇಳಿದ. ಅದು ತನ್ನದೇ ಮಾಂಸ. ಒಂದೇ ಸಲಕ್ಕೆ ಏಳುವ ಜಾತಿಯದಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಡಾಕ್ಟರಮ್ಮ ಪ್ರೇಮಮ್ಮನನ್ನೂ ಷಣ್ಮುಖಪ್ಪನನ್ನೂ ಒಳಗೆ ಕರೆದರು. ನಿನ್ನೆಯ ಎರಡು ಚಿತ್ರ, ಇವತ್ತಿನ ಒಂದು, ಪಕ್ಕಪಕ್ಕ ಇಟ್ಟರು. ಇವತ್ತಿನ ಬಳೆ ಇಡೀ ಮಸುಕಾಗಿತ್ತು. ಆದರೆ ನಿನ್ನೆ ಕತ್ತಲಿದ್ದ ಕಡೆ, ನೀರು ಹೆಚ್ಚಾದ ಮಜ್ಜಿಗೆಯಷ್ಟು ತೆಳ್ಳಗೆ, ಚುಕ್ಕಿಗಳು ಬಂದು ಕೂತಿದ್ದವು. ಬಳೆ ಹೆಚ್ಚುಕಮ್ಮಿ ಕೂಡಿತ್ತು. ತುದಿಯಲ್ಲಿ ಒಂದು ಚೂರು ಮಾತ್ರ ಹಾಗೇ ಖಾಲಿ.

“ಈ ಮೂಲೆ ಹೋಗಿದೆ, ಅದು ಬರಲ್ಲ,” ಎಂದರು ಡಾಕ್ಟರಮ್ಮ. “ಉಳಿದದ್ದು ಬದುಕಿದೆ. ಹಸಿದು ಮಲಗಿದೆ, ಅಷ್ಟೇ. ಆಪರೇಷನ್ ಮಾಡಬಹುದು ಅಂತ ನಾನು ಬರೀತೀನಿ.”

ಪ್ರೇಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಷಣ್ಮುಖಪ್ಪ, “ಒಪ್ಪಿದ್ರು ಭಾವ!” ಎಂದು ಕೂಗಿದ.

ಒಪ್ಪಿದರು. ಎಷ್ಟೋ ಮನೆಗಳ ಪಡಸಾಲೆಯಲ್ಲಿ ಬೆನಕಪ್ಪ ತಾನೇ ಕೂಗಿ ಹೇಳಿದ್ದ ಮಾತು. ಕೇಳಿಸಿಕೊಳ್ಳುವ ಕಡೆ ಕೂತಾಗ ಅದು ಬೇರೆ ಥರ ಕೇಳುತ್ತಿತ್ತು. ಎದೆಯ ಮೂಳೆಯನ್ನು ಉದ್ದಕ್ಕೆ ಸೀಳುತ್ತಾರೆ ಎಂದು ದಾವಣಗೆರೆಯಲ್ಲೇ ಹೇಳಿದ್ದರು. ಒಪ್ಪಿಗೆಯಾಗುವವರೆಗೆ ಅದು ಬೇರೆ ಯಾರದೋ ಮೂಳೆಯಾಗಿತ್ತು.

“ನಾನು ಒಪ್ಪಿದರೆ ಆಗಲಿಲ್ಲ,” ಎಂದರು ಡಾಕ್ಟರಮ್ಮ. “ನೀವು ಏನಂತೀರಾ?”

ಊರಿಗೆ ಹೋಗಿ ತಿಳಿಸ್ತೀವಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಬೇಡ ಎನ್ನುವವರು ಹೇಳುವ ಮಾತು ಅದು, ಅವನಿಗಿಂತ ಚೆನ್ನಾಗಿ ಅದನ್ನು ಯಾರು ಬಲ್ಲರು? ನುಂಗಿಕೊಂಡ. ಏನೂ ತೋಚದೆ ತಲೆಯನ್ನು ಸ್ವಲ್ಪ ಕೆಳಕ್ಕೆ ಆಡಿಸಿದ. ಉಪ್ಪಿಟ್ಟಿನ ತಟ್ಟೆ ಇಟ್ಟು ನಿಂತ ಹುಡುಗಿ ಇಷ್ಟು ತಲೆ ತಗ್ಗಿಸಿದರೆ ಸಾಕು, ಒಪ್ಪಿಗೆ ಆತು ಎಂದು ಅವನು ಎಲೆಯಡಿಕೆ ಹಂಚಿಸುತ್ತಿದ್ದ. ಅವಳು ಒಪ್ಪಿ ತಗ್ಗಿಸಿದಳೋ, ಹೆದರಿ ತಗ್ಗಿಸಿದಳೋ ಎಂದು ಕೇಳಿದವರಿಲ್ಲ.

“ತಲೆ ಆಡಿಸಿದ್ರೆ ನನಗೆ ಗೊತ್ತಾಗಲ್ಲ,” ಎಂದರು ಡಾಕ್ಟರಮ್ಮ. “ಬಾಯಿ ಬಿಟ್ಟು ಹೇಳಿ.”

ಬೆನಕಪ್ಪ ಹೆಂಡತಿಯ ಕಡೆ ನೋಡಿದ.

“ನನ್ನ ಮಾರಿ ಯಾಕೆ ನೋಡ್ತೀರಿ?” ಎಂದಳು ಪ್ರೇಮಮ್ಮ. ಕಣ್ಣು ತುಂಬಿದ್ದರೂ ದನಿ ಗಟ್ಟಿಯಿತ್ತು. “ಎದೆ ನಿಮ್ದು. ನೀವೇ ಹೇಳ್ರಿ.”

“ಹಂಗಾದ್ರೆ ಮೊದ್ಲು ಅದ್ರಾಗಿರೋ ಲೋಪ ಎಲ್ಲಾ ಹೇಳ್ಬಿಡ್ರಿ ಡಾಕ್ಟ್ರಮ್ಮ. ಏನೂ ಮುಚ್ಚಬ್ಯಾಡ್ರಿ.”

ಅವರು ಮುಚ್ಚಲಿಲ್ಲ. ಎಷ್ಟು ಹೊತ್ತು ಹಿಡಿಯುತ್ತದೆ, ಎಷ್ಟು ನೋಯುತ್ತದೆ, ಆಮೇಲೂ ಬೆಟ್ಟ ಹತ್ತುವ ಎದೆಯಾಗುವುದಿಲ್ಲ, ಮೇಜಿನ ಮೇಲೆಯೇ ಹೋಗುವವರೂ ಇದ್ದಾರೆ. ಬೆನಕಪ್ಪ ನಡುವೆ ಬಾಯಿ ಹಾಕದೆ ಕೊನೆಯವರೆಗೆ ಕೇಳಿದ. ಷಣ್ಮುಖಪ್ಪ ಮಾತ್ರ ಅರ್ಧದಲ್ಲೇ ಗೋಡೆ ಹಿಡಿದುಕೊಂಡ.

“ಮಾಡ್ರಿ,” ಎಂದ ಬೆನಕಪ್ಪ. ದನಿ ಹೊರಗೆ ಬಂತೋ ಇಲ್ಲವೋ ಎಂದು ಅನುಮಾನವಾಯಿತು. ಇನ್ನೊಮ್ಮೆ, ಬಾಯಿ ಬಿಟ್ಟು ಹೇಳಿದ.

“ಮಾಡ್ರಿ ಡಾಕ್ಟ್ರಮ್ಮ. ದಿನ ಯಾವ್ದು ಅಂತ ಹೇಳ್ರಿ, ನಾನೇ ಬಂದು ಮಲಗ್ತೀನಿ.”